ಬೆಟ್ಟದ ನೀರು ಎಷ್ಟು ತಿಳಿ?



ಪರೀಕ್ಷೆ ಮುಗಿದು ಕಾಲೇಜಿನ ಬಾಗಿಲು ಹಾಕಿದೊಡನೆ ನಿಮ್ಮಲ್ಲಿ ಹಲವರು ಬೆನ್ನಿಗೊಂದು ಚೀಲ ಏರಿಸಿ ಸಕಲೇಶಪುರದ ಬಸ್ಸನ್ನೋ ರೈಲನ್ನೋ ಹತ್ತುತ್ತೀರಿ. ಮಂಜರಾಬಾದ್ ಕೋಟೆ, ಜೇನುಕಲ್ಲು ಗುಡ್ಡ, ಬಿಸ್ಲೆ ಘಾಟಿ, ಹಿಂತಿರುಗುವಾಗ ಆಲೂರು ಕಡೆಯ ಗದ್ದೆ ಬಯಲು, ಹೀಗೆ ನೋಡಬೇಕಾದ ಜಾಗಗಳ ಪಟ್ಟಿ ಮೊದಲೇ ಸಿದ್ಧವಾಗಿರುತ್ತದೆ. ಮಳೆಗೆಂದು ಕೊಡೆ, ಚಳಿಗೆಂದು ಸ್ವೆಟರ್, ಇಂಬಳಕ್ಕೆಂದು ಸುಣ್ಣವೋ ಉಪ್ಪೋ, ಫೋಟೋ ತೆಗೆಯಲು ಏನು ಬೇಕೋ ಅದು, ಎಲ್ಲವೂ ಚೀಲದೊಳಗೆ ಸೇರುತ್ತವೆ. ಕುಡಿಯುವ ನೀರಿನ ವಿಚಾರದಲ್ಲಿ ಮಾತ್ರ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮಲೆನಾಡೆಂದರೇ ನೀರು, ಅಲ್ಲಿಗೆ ಬಯಲುಸೀಮೆಯವರು ನೀರು ಹೊತ್ತುಕೊಂಡು ಹೋಗುವುದೆ? ನಾವೂ ಹಾಗೆಯೇ ಎಂದುಕೊಂಡಿದ್ದೆವು.

ನಾನು ಬಿ.ಎಸ್ಸಿ. ಓದುತ್ತಿದ್ದ ದಿನಗಳು. 2001ರ ಡಿಸೆಂಬರ್. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಟ್ಟ ಇಳಿಯುವ ಮೀಟರ್‌ಗೇಜ್ ರೈಲು 1979ರಲ್ಲಿ ಆರಂಭವಾಗಿ, 1996ರಲ್ಲಿ ಬ್ರಾಡ್‌ಗೇಜ್ ಕಾಮಗಾರಿಗೆಂದು ನಿಂತುಹೋಗಿತ್ತು. ರೈಲಿಲ್ಲದ ಆ ಹಳಿಯ ಮೇಲೆ ಸುರಂಗ, ಸೇತುವೆಗಳನ್ನು ದಾಟಿಕೊಂಡು ನಡೆಯುವುದು ಆಗ ಕಾಲೇಜು ಹುಡುಗರಿಗೆ ದೊಡ್ಡ ಸಾಹಸ. (ಈಗ ಅಲ್ಲಿ ರೈಲು ಓಡುತ್ತದೆ, ಹಳಿಯ ಮೇಲೆ ನಡೆಯುವುದು ನಿಷಿದ್ಧ. ದಯವಿಟ್ಟು ನನ್ನ ಮಾತು ಕೇಳಿ ಹೊರಟುಬಿಡಬೇಡಿ.) ದೋಣಿಗಲ್ಲಿನಿಂದ ಎಡಕುಮೇರಿಯ ಕಡೆಗೆ ಐದು ಜನ ಹೊರಟೆವು. ತಲೆಗೊಂದು ಬಾಟಲಿ ನೀರಿತ್ತು, ಮಧ್ಯಾಹ್ನದೊಳಗೆ ಮುಗಿಯಿತು. ಆಮೇಲೆ ಕಂಡ ಕಂಡ ಝರಿಗೆ ಬಾಯೊಡ್ಡಿದೆವು. ಐಸಿನಂತೆ ತಣ್ಣಗಿದ್ದ, ಗಾಜಿನಂತೆ ತಿಳಿಯಾಗಿದ್ದ ನೀರು. ಇಂಥ ನೀರು ಊರಿನಲ್ಲಿ ದುಡ್ಡು ಕೊಟ್ಟರೂ ಸಿಕ್ಕುವುದಿಲ್ಲ ಎಂದು ಹೇಳಿದವನು ನಾನೇ.

ಮರಳಿ ಬಂದಾಗ ಎಲ್ಲರೂ ಆರೋಗ್ಯವಾಗಿದ್ದೆವು. ಸರಿಯಾಗಿ ನಾಲ್ಕು ವಾರ ಕಳೆದ ಮೇಲೆ ನಮ್ಮಲ್ಲೊಬ್ಬನಿಗೆ ಜ್ವರ ಬಂತು. ಅನ್ನದ ವಾಸನೆ ಕಂಡರಾಗದು, ಮೂತ್ರ ಕಡುಹಳದಿ, ಆಮೇಲೆ ಕಣ್ಣೂ ಹಳದಿ. ಅರಿಶಿನ ಕಾಮಾಲೆ. ನಾವೆಲ್ಲ ಮೊದಲು ಹಾಸ್ಟೆಲಿನ ಅಡಿಗೆಯವರನ್ನು ಬೈದೆವು, ಆಮೇಲೆ ರಸ್ತೆಬದಿಯ ಗೋಬಿ ಮಂಚೂರಿಯ ಗಾಡಿಯನ್ನು ಬೈದೆವು. ವೈದ್ಯರು ಕೇಳಿದ್ದು ಬೇರೆಯದೇ ಪ್ರಶ್ನೆ: "ಒಂದು ತಿಂಗಳ ಹಿಂದೆ ಎಲ್ಲಿಗೆ ಹೋಗಿದ್ದಿರಿ?"

ಇಲ್ಲಿಂದಲೇ ವಿಜ್ಞಾನದ ಮಾತನ್ನು ಆರಂಭಿಸೋಣ. ಹೆಪಟೈಟಿಸ್-ಎ ಎಂಬ ವೈರಸ್ ದೇಹವನ್ನು ಹೊಕ್ಕ ದಿನವೇ ತನ್ನ ಇರವನ್ನು ಸಾರುವುದಿಲ್ಲ. ರೋಗಲಕ್ಷಣ ಕಾಣಿಸಿಕೊಳ್ಳಲು ಎರಡರಿಂದ ಏಳು ವಾರ, ಸರಾಸರಿ 28 ದಿನ ಹಿಡಿಯುತ್ತದೆ. ವಿಷಮಶೀತಜ್ವರ, ಅಂದರೆ ಟೈಫಾಯ್ಡ್‌ಗೆ ಒಂದೆರಡು ವಾರ. ಕಾಲರಾಕ್ಕೆ ಕೆಲವು ಗಂಟೆಗಳಿಂದ ಐದು ದಿನ. ಹೀಗಾಗಿ ಕಾಯಿಲೆ ಬಂದಾಗ ನಮ್ಮ ಬೆರಳು ನಿನ್ನೆ ತಿಂದ ತಿಂಡಿಯ ಕಡೆಗೆ ಹೋಗುತ್ತದೆ, ನಿಜವಾದ ಅಪರಾಧಿ ಎಲ್ಲೋ ಹಿಂದೆ ಉಳಿದಿರುತ್ತಾನೆ. ನಮ್ಮ ಗೆಳೆಯನಿಗೆ ವೈರಸ್ ಬಂದದ್ದು ಆ ಝರಿಯಿಂದಲೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಲೆಕ್ಕ ಅತ್ತಲೇ ಬೊಟ್ಟು ಮಾಡುತ್ತದೆ. ಅವನು ಆ ಸಲದ ಪರೀಕ್ಷೆಗೆ ಕೂರಲಿಲ್ಲ. ಒಂದು ವರ್ಷ ಹೋಯಿತು.

ಐವರು ಕುಡಿದ ನೀರು ಒಬ್ಬನನ್ನೇ ಏಕೆ ಮಲಗಿಸಿತು ಎಂದು ನೀವು ಕೇಳಬಹುದು. ಹೆಪಟೈಟಿಸ್-ಎ ಚಿಕ್ಕ ಮಕ್ಕಳಿಗೆ ಬಂದರೆ ಬಹುಮಟ್ಟಿಗೆ ಗೊತ್ತೇ ಆಗದಂತೆ ಹಾದುಹೋಗುತ್ತದೆ, ಒಮ್ಮೆ ಬಂದರೆ ಜೀವಮಾನವಿಡೀ ರಕ್ಷಣೆ ಉಳಿಯುತ್ತದೆ. ಹಳ್ಳಿಯಲ್ಲಿ ಕೆರೆ ಬಾವಿಗಳ ನೀರು ಕುಡಿದು ಬೆಳೆದ ನಮಗೆ ಅದು ಎಂದೋ ಬಂದು ಹೋಗಿದ್ದಿರಬಹುದು. ಅವನು ನಗರದ ಶುದ್ಧ ನಲ್ಲಿನೀರಿನಲ್ಲಿ ಬೆಳೆದವನು. ದೊಡ್ಡವರಾದ ಮೇಲೆ ಬಂದರೆ ಇದು ಬಲವಾಗಿಯೇ ಹಿಡಿಯುತ್ತದೆ. ಈಗ ಹೆಪಟೈಟಿಸ್-ಎ, ಟೈಫಾಯ್ಡ್ ಎರಡಕ್ಕೂ ಲಸಿಕೆಗಳಿವೆ. ಮೇಲಿಂದ ಮೇಲೆ ಪ್ರವಾಸ ಹೋಗುವವರು ನಿಮ್ಮ ವೈದ್ಯರನ್ನು ಕೇಳಿ ನೋಡಿ.

ತಿಳಿಯಾದ ನೀರು ಶುದ್ಧವಾದ ನೀರಲ್ಲವೆ? ಅಲ್ಲ. ಒಂದು ಮಿಲಿಲೀಟರ್ ನೀರಿನಲ್ಲಿ ಹತ್ತು ಲಕ್ಷ ಬ್ಯಾಕ್ಟೀರಿಯಾಗಳಿದ್ದರೂ ಬರಿಗಣ್ಣಿಗೆ ಆ ನೀರು ತಿಳಿಯಾಗಿಯೇ ಕಾಣಬಹುದು. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಹೇಳುವುದೋ, 100 ಮಿಲಿಲೀಟರಿನಲ್ಲಿ ಇ-ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾ ಒಂದೂ ಇರಬಾರದು ಎಂದು. ಈ ಎರಡು ಅಂಕಿಗಳ ನಡುವಿನ ಅಂತರವೇ ನಮ್ಮ ಕಣ್ಣು ನಮಗೆ ಮಾಡುವ ಮೋಸ.

ಸಕಲೇಶಪುರ ಸೀಮೆಯ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ನೋಡಿ. ಪಟ್ಟಣದ ಪಕ್ಕದಲ್ಲೇ ಹರಿಯುವ ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ. ಅಲ್ಲಿಂದ ಇಳಿದು, ಸಕಲೇಶಪುರ ದಾಟಿ, ಗೊರೂರಿನ ಅಣೆಕಟ್ಟೆಯಲ್ಲಿ ತಂಗಿ, ಕೊನೆಗೆ ಕಾವೇರಿಯನ್ನು ಸೇರುತ್ತದೆ. ಘಟ್ಟದ ಅಂಚಿನಿಂದ ಆಚೆಗೆ ಬಿದ್ದ ಮಳೆ ಕೆಂಪುಹೊಳೆ, ಗುಂಡ್ಯ, ಕುಮಾರಧಾರೆ, ನೇತ್ರಾವತಿ ಎಂದು ಹೆಸರು ಬದಲಿಸುತ್ತ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ನೀವು ನಿಂತ ಝರಿ ಬೆಟ್ಟದ ತುದಿಯಿಂದಲೇ ಬರುತ್ತಿರಬಹುದು. ಆದರೆ ಮೇಲೆ ಯಾರೂ ಇಲ್ಲ ಎಂದು ಹೇಗೆ ಹೇಳುತ್ತೀರಿ? ಮೇಲೆ ಕಾಫಿ ತೋಟವಿದೆ, ಕೂಲಿಯವರ ಲೈನ್ ಮನೆಗಳಿವೆ, ಮೇಯುವ ದನಗಳಿವೆ, ಆನೆ, ಕಾಡುಹಂದಿ, ಮಂಗಗಳಿವೆ. ನಿಮಗಿಂತ ಮೊದಲು ಚಾರಣಕ್ಕೆ ಹೋದ ಇನ್ನೊಂದು ಕಾಲೇಜಿನ ತಂಡವೂ ಇದ್ದೀತು.

ಕಾಫಿಯ ವಿಚಾರ ಪ್ರತ್ಯೇಕವಾಗಿ ಹೇಳಬೇಕು. ಅರೇಬಿಕಾ ಹಣ್ಣಿನ ಕುಯ್ಲು ನವೆಂಬರಿನಿಂದ ಜನವರಿಯ ತನಕ, ರೊಬಸ್ಟಾ ಅದರ ಹಿಂದೆಯೇ. ನಿಮ್ಮ ಪ್ರವಾಸದ ಕಾಲವೂ ಅದೇ. ಹಣ್ಣನ್ನು ಪಲ್ಪರ್ ಯಂತ್ರಕ್ಕೆ ಹಾಕಿ ಸಿಪ್ಪೆ ಬಿಡಿಸಿ, ಬೀಜದ ಮೇಲಿನ ಲೋಳೆಯನ್ನು ತೊಳೆದಾಗ ಸಕ್ಕರೆ ತುಂಬಿದ ಕಂದು ನೀರು ಹೊರಬರುತ್ತದೆ. ಅದನ್ನು ಹೊಂಡಗಳಲ್ಲಿ ನಿಲ್ಲಿಸಿ ಸಂಸ್ಕರಿಸಬೇಕು. ಹಾಗಾಗದೆ ಹಳ್ಳಕ್ಕೆ ಸೇರಿದರೆ ಅದು ಹುದುಗಿ ಹುಳಿಯಾಗಿ, ನೀರಿನಲ್ಲಿ ಕರಗಿದ ಆಮ್ಲಜನಕವನ್ನು ನುಂಗಿಹಾಕುತ್ತದೆ, ಮೀನು ಉಸಿರುಗಟ್ಟುತ್ತವೆ. ಮುಂಗಾರಿನ ಆಸುಪಾಸಿನಲ್ಲಿ ತೋಟಗಳಿಗೆ ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ, ಕೀಟನಾಶಕಗಳೂ ಬಳಕೆಯಲ್ಲಿವೆ. ಇವನ್ನು ಏಕೆ ಹೇಳುತ್ತಿದ್ದೇನೆಂದರೆ, ಕುದಿಸುವುದರಿಂದ ಸೂಕ್ಷ್ಮಾಣು ಸಾಯುತ್ತದೆ, ರಾಸಾಯನಿಕ ಸಾಯುವುದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನಷ್ಟು ಸಾಂದ್ರವಾಗುತ್ತದೆ. ಬಣ್ಣ ತಿರುಗಿದ, ನೊರೆಗಟ್ಟಿದ, ಹುಳಿ ವಾಸನೆಯ ನೀರನ್ನು ಕುದಿಸಿದರಾಯಿತು ಎಂದು ಬಳಸಲು ಹೋಗಬೇಡಿ.

ಉಳಿದ ನೀರಿಗೆ ಕುದಿಸುವುದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಹುಟ್ಟಿಲ್ಲ. ಇಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಯೊಬ್ಬ ಎದ್ದು ನಿಲ್ಲಬಹುದು: "ಸಾರ್, ಎತ್ತರಕ್ಕೆ ಹೋದಂತೆ ವಾಯುಭಾರ ಕಡಿಮೆ, ಕುದಿಬಿಂದುವೂ ಕಡಿಮೆ. ಅಲ್ಲಿ ಕುದಿಸಿದ ನೀರು ಸಾಕಷ್ಟು ಬಿಸಿಯಾಗಿರುತ್ತದೆಯೆ?" ಪ್ರಶ್ನೆ ಸರಿಯಾಗಿದೆ. ಸುಮಾರು 300 ಮೀಟರ್ ಏರಿದರೆ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತದೆ. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿ. ರೋಗ ತರುವ ಬ್ಯಾಕ್ಟೀರಿಯಾಗಳು 70 ಡಿಗ್ರಿ ದಾಟುವಷ್ಟರಲ್ಲೇ ಬೇಗಬೇಗ ಸಾಯತೊಡಗುತ್ತವೆ, ವೈರಸ್‌ಗಳು ಇನ್ನು ಸ್ವಲ್ಪ ತಡೆಯಬಲ್ಲವು. 97 ಡಿಗ್ರಿಯಲ್ಲಿ ಚೆನ್ನಾಗಿ ಮರಳುವ ನೀರು ಒಂದು ನಿಮಿಷ ಇದ್ದರೆ ಸಾಕು. ಇಪ್ಪತ್ತು ನಿಮಿಷ ಕುದಿಸಬೇಕು ಎಂಬ ಮಾತಿನಿಂದ ಸೌದೆ ಖರ್ಚಾಗುವುದೇ ಹೊರತು ಹೆಚ್ಚಿನ ಪ್ರಯೋಜನವಿಲ್ಲ. ಎಡವುವುದು ಕುದಿಸಿದ ಮೇಲೆ. ಆರಲು ಇಟ್ಟ ಪಾತ್ರೆಗೆ ಒಬ್ಬ ತೊಳೆಯದ ಲೋಟ ಅದ್ದುತ್ತಾನೆ, ಇನ್ನೊಬ್ಬ "ಸುಡುತ್ತದೆ" ಎಂದು ಅರ್ಧ ತಣ್ಣೀರು ಬೆರೆಸುತ್ತಾನೆ. ಅಲ್ಲಿಗೆ ಅಷ್ಟೂ ಸೌದೆ ಬೂದಿಯಾದದ್ದೇ ಲಾಭ.

ಒಲೆ ಹೂಡಲು ಅನುಕೂಲವಿಲ್ಲದ ಕಡೆ ಔಷಧಿ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ಮಾತ್ರೆ ಬಳಸಬಹುದು. ಪೊಟ್ಟಣದ ಮೇಲೆ ಎಷ್ಟು ನೀರಿಗೆ ಎಂದು ಬರೆದಿದೆಯೋ ಅಷ್ಟಕ್ಕೇ ಹಾಕಿ, ಅರ್ಧ ಗಂಟೆ ಕಾಯಬೇಕು. ಬಾಯಾರಿದವನಿಗೆ ಅರ್ಧ ಗಂಟೆ ಬಹಳ ದೊಡ್ಡದು, ಬಲ್ಲೆ. ಕದಡಿದ ನೀರಾದರೆ ಕ್ಲೋರಿನ್ ಕೆಸರಿನೊಡನೆಯೇ ಖರ್ಚಾಗಿಹೋಗುತ್ತದೆ, ಆದ್ದರಿಂದ ಮೊದಲು ಬಟ್ಟೆಯಲ್ಲಿ ಸೋಸಿ. ಕೆಲವು ಪರಾವಲಂಬಿ ಜೀವಿಗಳು ಕ್ಲೋರಿನ್ನಿಗೆ ಸುಲಭವಾಗಿ ಬಗ್ಗುವುದಿಲ್ಲ ಎಂಬುದೂ ನೆನಪಿರಲಿ. ಬಟ್ಟೆಯ ಮಾತು ಬಂದದ್ದರಿಂದ ಒಂದು ಸಂಗತಿ. ರೀಟಾ ಕಾಲ್ವೆಲ್ ಎಂಬ ವಿಜ್ಞಾನಿಯ ತಂಡ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಪದರವಾಗಿ ಮಡಿಸಿ ನೀರು ಸೋಸುವುದನ್ನು ರೂಢಿಗೆ ತಂದು ನೋಡಿತು. 2003ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಕಾಲರಾ ಬ್ಯಾಕ್ಟೀರಿಯಾ ನೀರಿನ ಸಣ್ಣ ಪ್ಲವಕ ಜೀವಿಗಳಿಗೆ ಅಂಟಿಕೊಂಡಿರುತ್ತದೆ, ಬಟ್ಟೆ ತಡೆಯುವುದು ಆ ಜೀವಿಗಳನ್ನು. ಹಳೆಯ ಸೀರೆಯೇ ಏಕೆ? ಒಗೆದು ಒಗೆದು ನೂಲು ಅರಳಿ ರಂಧ್ರ ಕಿರಿದಾಗಿರುತ್ತದೆ. ನಮ್ಮ ಅಜ್ಜಿಯರು ಕೊಡದ ಬಾಯಿಗೆ ಬಟ್ಟೆ ಕಟ್ಟುತ್ತಿದ್ದುದನ್ನು ಹಾಸ್ಯ ಮಾಡುವ ಮೊದಲು ಇದನ್ನು ಒಮ್ಮೆ ಯೋಚಿಸಿ. ಒಂಟಿ ಬ್ಯಾಕ್ಟೀರಿಯಾ, ವೈರಸ್‌ಗಳು ಮಾತ್ರ ಬಟ್ಟೆಯಲ್ಲಿ ನಿಲ್ಲುವುದಿಲ್ಲ.

ಬಾಟಲಿ ನೀರು ಕೊಳ್ಳುವಿರಾದರೆ ಮುಚ್ಚಳದ ಸೀಲು, ಐ.ಎಸ್.ಐ. ಗುರುತು ನೋಡಿ ಕೊಳ್ಳಿ. ಖಾಲಿ ಬಾಟಲಿಯನ್ನು ಕಾಡಿನಲ್ಲಿ ಬಿಟ್ಟು ಬರಬೇಡಿ. ಮಂಜರಾಬಾದ್ ಕೋಟೆಯನ್ನು ಟಿಪ್ಪು 1792ರಲ್ಲಿ ಎಂಟು ಮೂಲೆಯ ನಕ್ಷತ್ರದಂತೆ ಕಟ್ಟಿಸಿದಾಗ ನಟ್ಟನಡುವೆ ಕೂಡಿಸುವ ಚಿಹ್ನೆಯ ಆಕಾರದಲ್ಲಿ, ನಾಲ್ಕು ದಿಕ್ಕಿನಿಂದ ಮೆಟ್ಟಿಲಿಳಿಯುವ ಕೊಳವೊಂದನ್ನೂ ಮಾಡಿಸಿದ. ನೀರಿಲ್ಲದ ಕೋಟೆ ಎಷ್ಟು ದಿನ ನಿಂತೀತು? ನಾವು ಚಿತ್ರೀಕರಣಕ್ಕೆ ಹೋದ ದಿನ ಆ ಕೊಳದಲ್ಲಿ ತೇಲುತ್ತಿದ್ದದ್ದು ಪ್ಲಾಸ್ಟಿಕ್ ಬಾಟಲಿಗಳು. ಕ್ಯಾಮೆರಾದವರು ಅದನ್ನು ಬಿಟ್ಟು ಚೌಕಟ್ಟು ಹೊಂದಿಸಲು ಬಹಳ ಒದ್ದಾಡಿದರು.

ಮುಂದೆಂದಾದರೂ ಲಕ್ಷದ್ವೀಪಕ್ಕೆ ಹೋಗುವ ಅವಕಾಶ ಬಂದರೆ ಅಲ್ಲಿಯೂ ಇದೇ ಪಾಠ, ಇನ್ನೂ ಕಠಿಣವಾಗಿ. ಹವಳದ ಮರಳಿನೊಳಗೆ ಇಂಗಿದ ಮಳೆನೀರು ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತಿರುತ್ತದೆ. ಮನೆಯ ಬಾವಿಗೂ ಶೌಚದ ಗುಂಡಿಗೂ ನಡುವೆ ಇರುವುದು ಸೋಸದ ಮರಳು. ಕವರತ್ತಿಯಲ್ಲಿ ಸಮುದ್ರದ ಮೇಲ್ಪದರದ ಬಿಸಿಗೂ ಆಳದ ತಣ್ಪಿಗೂ ಇರುವ ವ್ಯತ್ಯಾಸವನ್ನೇ ಬಳಸಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ತೆಗೆಯುವ ಘಟಕವನ್ನು 2005ರಲ್ಲಿ ಆರಂಭಿಸಿದ್ದು ಸುಮ್ಮನೆ ಅಲ್ಲ.

ಇನ್ನು ಊಟ. ಮಲೆನಾಡಿನ ಊಟದ ಬಗ್ಗೆ ನಾನು ಕೆಟ್ಟ ಮಾತನ್ನಾಡಲಾರೆ. ಹಬೆಯಾಡುವ ಕಡುಬು, ಹೆಂಚಿನಿಂದ ನೇರ ಎಲೆಗೆ ಬೀಳುವ ಅಕ್ಕಿರೊಟ್ಟಿ, ಬಿಸಿಬಿಸಿ ಕಾಫಿ, ಇವುಗಳಷ್ಟು ಸುರಕ್ಷಿತವಾದದ್ದು ಬೇರೆ ಸಿಕ್ಕುವುದು ಕಷ್ಟ. ಸಣ್ಣ ಹೋಟೆಲಿನಲ್ಲಿ ಕೂತಾಗ ಮೇಜಿನ ಮೇಲಿನ ಸ್ಟೀಲು ಲೋಟದ ನೀರಿಗಿಂತ ಅದರ ಪಕ್ಕದ ಕಾಫಿಯನ್ನು ಹೆಚ್ಚು ನಂಬಬಹುದು. ಅನುಮಾನ ಪಡಬೇಕಾದದ್ದು ಇಡ್ಲಿಯ ಮೇಲಲ್ಲ, ಬೆಳಗ್ಗೆ ರುಬ್ಬಿ ಮಧ್ಯಾಹ್ನದವರೆಗೂ ಬಡಿಸುವ ಕಾಯಿಚಟ್ನಿಯ ಮೇಲೆ. ಬಸ್‌ನಿಲ್ದಾಣದಲ್ಲಿ ಸೀಳಿ ಖಾರ ಹಚ್ಚಿ ನೀರು ಚಿಮುಕಿಸಿದ ಸೌತೆಕಾಯಿ, ತಣ್ಣೀರಲ್ಲಿ ಕಡೆದ ಮಜ್ಜಿಗೆ, ಐಸು ಹಾಕಿದ ಕಬ್ಬಿನ ಹಾಲು, ಇವನ್ನು ಬಿಡಿ. ಬಾಳೆಹಣ್ಣು, ಕಿತ್ತಳೆಯನ್ನು ನಿಮ್ಮ ಕೈಯಾರೆ ಸುಲಿದು ತಿನ್ನಿ. ಸುಲಿಯುವ ಕೈಯನ್ನು ಸೋಪಿನಿಂದ ತೊಳೆದಿರಬೇಕು, ಅಷ್ಟೆ.

ಮನೆಯಿಂದ ಕಟ್ಟಿಕೊಂಡು ಹೋಗುವ ಬುತ್ತಿಯಲ್ಲೂ ರಸಾಯನಶಾಸ್ತ್ರವಿದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ಅನ್ನ ಬೇಯುವಾಗ ಅವು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಮೊಳೆತು ವೃದ್ಧಿಯಾಗಿ ವಿಷವಸ್ತುವನ್ನು ಉಂಟುಮಾಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗದು. ಬೆಳಗಿನ ಪಲಾವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಸಿ ಇರುವಾಗಲೇ ಮುಚ್ಚಿ ಸಂಜೆ ತಿಂದವರು ರಾತ್ರಿ ವಾಂತಿ ಮಾಡುವುದು ಹೀಗೆ. ಪುಳಿಯೋಗರೆ ಕೆಡದಿರುವುದೇಕೆ? ಹುಣಿಸೆಹಣ್ಣಿನ ಆಮ್ಲ ಆ ಬ್ಯಾಕ್ಟೀರಿಯಾಕ್ಕೆ ಒಗ್ಗದು. ದೂರದ ಪ್ರಯಾಣಕ್ಕೆ ಹಿರಿಯರು ಪುಳಿಯೋಗರೆ, ಮೊಸರನ್ನವನ್ನೇ ಕಟ್ಟುತ್ತಿದ್ದರು. ಅವರು ಆಮ್ಲೀಯತೆಯ ಅಳತೆ ತಿಳಿದವರಲ್ಲ, ಹೊಟ್ಟೆಯ ಅಳತೆ ತಿಳಿದವರು.

ಕಾಡಿನ ರುಚಿಗಳಿಗೆ ಆಸೆಪಡುವಾಗ ಕೊಂಚ ತಡೆಯಿರಿ. ಮಳೆಗಾಲದಲ್ಲಿ ಹುತ್ತದ ಬಳಿ ಏಳುವ ಹೆಗ್ಗಾಲಣಬೆ ಬಹಳ ರುಚಿ. ಆದರೆ ಅದನ್ನು ಗುರುತಿಸುವುದು ಅಲ್ಲಿಯೇ ಹುಟ್ಟಿ ಬೆಳೆದವರ ಕೆಲಸ. ಬೆಳ್ಳಿಯ ನಾಣ್ಯ ಕಪ್ಪಾಗದಿದ್ದರೆ ವಿಷವಿಲ್ಲ, ಹುಳು ತಿಂದ ಅಣಬೆ ಮನುಷ್ಯನಿಗೂ ಆಗುತ್ತದೆ ಎಂಬ ಪರೀಕ್ಷೆಗಳೆಲ್ಲ ಸುಳ್ಳು. ಎಳೆಬಿದಿರಿನ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಸಂಯುಕ್ತವಿದೆ. ಮಲೆನಾಡಿನ ಹೆಂಗಸರು ಅದನ್ನು ತೆಳುವಾಗಿ ಹೆಚ್ಚಿ, ದಿನವೂ ನೀರು ಬದಲಿಸುತ್ತ ಮೂರು ದಿನ ನೆನೆಹಾಕಿ, ಆಮೇಲೆ ಬೇಯಿಸುವುದು ಅದಕ್ಕೇ. ನೀವು ದಾರಿಬದಿಯಲ್ಲಿ ಕೊಯ್ದು ಅದೇ ರಾತ್ರಿ ಪಲ್ಯ ಮಾಡುವಂಥದ್ದಲ್ಲ.

ಕುಡಿಯದೆಯೂ ನೀರಿನಿಂದ ಬರುವ ಕಾಯಿಲೆಯೊಂದಿದೆ, ಇಲಿಜ್ವರ. ಇಲಿ, ದನಗಳ ಮೂತ್ರ ಸೇರಿದ ಗದ್ದೆಯ ಕೆಸರಿನಲ್ಲಿ ಬರಿಗಾಲಿನಲ್ಲಿ ನಡೆದರೆ ಕಾಲಿನ ಸಣ್ಣ ಗಾಯದ ಮೂಲಕವೇ ರೋಗಾಣು ಒಳಬರುತ್ತದೆ. ಗಾಯವಿದ್ದರೆ ಮುಚ್ಚಿಕೊಂಡು ಬೂಟು ಹಾಕಿ. ಪ್ರವಾಸದ ನಂತರ ಜ್ವರ, ಮೈಕೈ ನೋವು ಬಂದರೆ ಗದ್ದೆಯಲ್ಲಿ ನಡೆದದ್ದನ್ನೂ ವೈದ್ಯರಿಗೆ ಹೇಳಿ. ಅಂದಹಾಗೆ, ಆಲೂರು-ಸಕಲೇಶಪುರ ಸೀಮೆಯಲ್ಲಿ ಮುಸ್ಸಂಜೆಯಲ್ಲೋ ನಸುಕಿನಲ್ಲೋ ಒಬ್ಬರೇ ಹಳ್ಳಕ್ಕೆ ನೀರು ತರಲು ಹೋಗಬೇಡಿ. ಅದು ಆನೆಗಳು ನೀರಿಗೆ ಬರುವ ಹೊತ್ತು.

ಎಷ್ಟೇ ಎಚ್ಚರವಿದ್ದರೂ ಭೇದಿ ಆಗಿಬಿಟ್ಟರೆ? 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು, ರಕ್ತನಾಳಕ್ಕೆ ಕೊಡುವ ದ್ರಾವಣ ಮುಗಿಯಿತು. ಡಾ. ದಿಲೀಪ್ ಮಹಾಲನಬೀಸ್ ಉಪ್ಪು, ಗ್ಲೂಕೋಸು, ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. ಕರುಳು ಗ್ಲೂಕೋಸನ್ನು ಹೀರುವಾಗ ಜೊತೆಗೆ ಸೋಡಿಯಮ್ಮನ್ನೂ ಎಳೆದುಕೊಳ್ಳುತ್ತದೆ, ಅದರ ಹಿಂದೆ ನೀರು ಹೋಗುತ್ತದೆ. ಇಷ್ಟೇ ಗುಟ್ಟು. ಚೀಲದಲ್ಲಿ ನಾಲ್ಕು ಓ.ಆರ್.ಎಸ್. ಪೊಟ್ಟಣ ಇರಲಿ, ಒಂದನ್ನು ಒಂದು ಲೀಟರಿಗೆ ಪೂರ್ತಿ ಕರಗಿಸಿ. ಇಲ್ಲವಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ. ಮಲದಲ್ಲಿ ರಕ್ತ, ಜೋರು ಜ್ವರ, ಗಂಟೆಗಟ್ಟಲೆ ಮೂತ್ರವಿಲ್ಲದಿರುವುದು, ಮಂಪರು, ಇವುಗಳಲ್ಲಿ ಒಂದು ಕಂಡರೂ ಚಾರಣ ಅಲ್ಲಿಗೆ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ.

ಈ ಕಾರ್ಯಕ್ರಮಕ್ಕಾಗಿ ನಾವು ಆಲೂರು ತಾಲ್ಲೂಕಿನ ಒಂದು ಗುಡ್ಡದ ಬುಡದಲ್ಲಿ ಸಣ್ಣ ಪ್ರಯೋಗವೊಂದನ್ನು ಮಾಡಿದೆವು, ನೀವೂ ಮಾಡಬಹುದು. ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯದ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಸುಲಭ ವಿಧಾನ ಅದು. ಪುಟ್ಟ ಸೀಸೆಯೊಳಗೆ ಔಷಧ ಹೀರಿದ ಕಾಗದದ ಪಟ್ಟಿ ಇರುತ್ತದೆ, ನೀರು ತುಂಬಿ ಬೆಚ್ಚಗೆ ಒಂದು ದಿನ ಇಟ್ಟರೆ ಮಲದ ಬ್ಯಾಕ್ಟೀರಿಯಾ ಇದ್ದಲ್ಲಿ ಹೈಡ್ರೋಜನ್ ಸಲ್ಫೈಡ್ ಉಂಟಾಗಿ ನೀರು ಕಪ್ಪಾಗುತ್ತದೆ. ಗುಡ್ಡದ ಮೇಲಿನ ಒರತೆಯದೊಂದು, ಕೆಳಗಿನ ಹಳ್ಳದ್ದೊಂದು, ಕುದಿಸಿದ್ದೊಂದು, ಹೀಗೆ ಮೂರು ಸೀಸೆ. ರಾತ್ರಿ ಚಳಿ ವಿಪರೀತವಾಗಿದ್ದುದರಿಂದ ಅಲ್ಲಿನ ಮನೆಯ ಅಜ್ಜಿ ಸೀಸೆಗಳನ್ನು ಕಂಬಳಿಯಲ್ಲಿ ಸುತ್ತಿ ಬಚ್ಚಲೊಲೆಯ ಪಕ್ಕ ಇಟ್ಟುಕೊಟ್ಟರು.

ಮರುದಿನ ಸಂಜೆ ಕುದಿಸಿದ ನೀರು ಹಾಗೆಯೇ ಇತ್ತು. ಹಳ್ಳದ್ದು ಕಪ್ಪು, ಅದು ನಿರೀಕ್ಷಿತ. ಒರತೆಯದೂ ಕಪ್ಪು. ಆ ಮನೆಗೆ ಪೈಪಿನಲ್ಲಿ ಬರುವುದು ಅದೇ ಒರತೆಯ ನೀರು. ಅಜ್ಜಿ ಸೀಸೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ, "ಅಲ್ಲ ಕಣಪ್ಪಾ, ನಿನ್ನೆ ಬೆಳಿಗ್ಗೆ ನೀವೆಲ್ಲ ಮೇಲಕ್ಕೆ ಹೋಗಿದ್ರಲ್ಲ, ಒರತೆ ಹತ್ರ ಯಾರೂ ಕೂರಲಿಲ್ವಾ?" ಎಂದು ಕೇಳಿದರು.

ದನದ್ದಿರಬಹುದು, ಕಾಡುಪ್ರಾಣಿಯದಿರಬಹುದು, ಈ ಸೀಸೆ ಅದನ್ನು ಬಿಡಿಸಿ ಹೇಳುವುದಿಲ್ಲ ಎಂದು ನಾನು ವಿವರಿಸತೊಡಗಿದೆ. ವಿವರಣೆ ವೈಜ್ಞಾನಿಕವಾಗಿ ಸರಿಯಾಗಿಯೇ ಇತ್ತು. ಆದರೆ ನಮ್ಮ ತಂಡದ ಒಬ್ಬ ಹುಡುಗ ತಲೆ ತಗ್ಗಿಸಿ ನಿಂತಿದ್ದ. ಅಜ್ಜಿ ಅವನನ್ನೂ ನೋಡಿದರು, ನನ್ನನ್ನೂ ನೋಡಿದರು. ಮತ್ತೇನೂ ಹೇಳದೆ ಒಲೆಯ ಮೇಲೆ ದೊಡ್ಡ ಹಂಡೆಯನ್ನಿಟ್ಟು ಉರಿ ಹೆಚ್ಚಿಸಿದರು.